ನೀರಿನಲ್ಲಿ ಕರಗದ ಔಷಧಿಗಳು ಮತ್ತು ಸೈಕ್ಲೊಡೆಕ್ಸ್ಟ್ರಿನ್ ಸಂಕೀರ್ಣಗಳು

ಸಾರ್ವಜನಿಕರ ಮಾಹಿತಿಗಾಗಿ

ಬಾಯಿಯ ಮೂಲಕ ಸೇವಿಸಿದ ಔಷಧಿಯು ರಕ್ತವನ್ನು ಸೇರಬೇಕಾದರೆ ಮೊದಲು ಜಠರ ಹಾಗೂ ಕರುಳಿನ ದ್ರವದಲ್ಲಿ ಕರಗಬೇಕು. ಕರಗದೆ ಉಳಿದ ಔಷಧಿಯು ಎಷ್ಟೇ ಪ್ರಬಲವಾದುದಾದರೂ ರೋಗಿಗೆ ಉಪಯೋಗವಾಗದೆ ಮಲದೊಂದಿಗೆ ಹೊರಹೋಗುತ್ತದೆ. ಗಜಕರ್ಣ ಮೊದಲಾದ ಶಿಲೀಂಧ್ರ ಸೋಂಕುಗಳಿಗೆ ನೀಡಲಾಗುವ ಇಟ್ರಾಕೊನಜೋಲ್ ಇದಕ್ಕೆ ತಕ್ಕ ನಿದರ್ಶನ. ಆಮ್ಲೀಯವಲ್ಲದ ಒಂದು ಮಿ.ಲೀ. ನೀರಿನಲ್ಲಿ ಕರಗುವ ಇಟ್ರಾಕೊನಜೋಲ್ ಸುಮಾರು 1 ನ್ಯಾನೊಗ್ರಾಂ, ಅಂದರೆ ಒಂದು ಗ್ರಾಂನ ನೂರು ಕೋಟಿಯ ಒಂದು ಭಾಗ ಮಾತ್ರ.

ಈ ತೊಡಕಿನ ನಿವಾರಣೆಗೆ ಬಳಸುವ ಪದಾರ್ಥಗಳಲ್ಲಿ ಸೈಕ್ಲೊಡೆಕ್ಸ್ಟ್ರಿನ್ ಮುಖ್ಯವಾದುದು. ಪಿಷ್ಟದ ಮೇಲೆ ಕಿಣ್ವದ ಕ್ರಿಯೆಯಿಂದ ದೊರೆಯುವ ಇದನ್ನು ಫ್ರಾನ್ಸಿನ ವಿಲಿಯೆ 1891ರಲ್ಲಿ ಮೊದಲು ವರದಿ ಮಾಡಿದರು. 6, 7 ಅಥವಾ 8 ಗ್ಲೂಕೋಸ್ ಘಟಕಗಳು ಬಳೆಯಂತೆ ಜೋಡಣೆಗೊಂಡಿರುವ ಇದರ ಹೊರಮೈ ನೀರಿಗೆ ಒಗ್ಗುತ್ತದೆ. ಒಳಗಿನ ಟೊಳ್ಳು ಒಗ್ಗುವುದಿಲ್ಲ. ನೀರನ್ನು ಒಲ್ಲದ ಔಷಧಿಯ ಅಣುವು ಪೂರ್ತಿಯಾಗಿ ಅಥವಾ ಭಾಗಶಃ ಆ ಟೊಳ್ಳಿನೊಳಗೆ ಸೇರಿ, ಬಳೆಯೊಡನೆ ನೀರಿನಲ್ಲಿ ಕರಗುತ್ತದೆ. ಔಷಧಿಯು ಬೇರೊಂದು ರಾಸಾಯನಿಕವಾಗಿ ಮಾರ್ಪಡುವುದಿಲ್ಲ. ದೇಹದ ದ್ರವದಲ್ಲಿ ಬೆರೆತು ತೆಳುವಾದಾಗ ಬಳೆಯಿಂದ ಕಳಚಿಕೊಂಡು ರಕ್ತಕ್ಕೆ ಸೇರುತ್ತದೆ.

ಏಳು ಘಟಕಗಳ ಬೀಟಾ ಸೈಕ್ಲೊಡೆಕ್ಸ್ಟ್ರಿನ್ ಅನೇಕ ಔಷಧಿಗಳಿಗೆ ಸರಿಹೊಂದುತ್ತದೆಯಾದರೂ ಒಂದು ಮಿ.ಲೀ. ನೀರಿನಲ್ಲಿ ಸ್ವತಃ ಸುಮಾರು 18 ಮಿ.ಗ್ರಾಂ. ಮಾತ್ರ ಕರಗುತ್ತದೆ. ಚುಚ್ಚುಮದ್ದಿನಲ್ಲಿ ನೀಡಿದರೆ ಮೂತ್ರಪಿಂಡಕ್ಕೆ ಹಾನಿಕರ. ಆದ್ದರಿಂದ ಅದನ್ನು ಮಾರ್ಪಡಿಸಿದ ಹೈಡ್ರಾಕ್ಸಿಪ್ರೊಪೈಲ್ ಮತ್ತು ಸಲ್ಫೊಬ್ಯುಟೈಲ್ ಈಥರ್ ರೂಪಗಳು ಬಳಕೆಗೆ ಬಂದಿವೆ.

ಇಟ್ರಾಕೊನಜೋಲ್ ದ್ರಾವಣದ ಪ್ರತಿ ಮಿ.ಲೀ.ನಲ್ಲಿ ಔಷಧಿ 10 ಮಿ.ಗ್ರಾಂ., ಹೈಡ್ರಾಕ್ಸಿಪ್ರೊಪೈಲ್ ಬೀಟಾ ಸೈಕ್ಲೊಡೆಕ್ಸ್ಟ್ರಿನ್ 400 ಮಿ.ಗ್ರಾಂ. ಇರುತ್ತದೆ. ಔಷಧಿಯ ನಲವತ್ತು ಪಟ್ಟು! ಹೆಚ್ಚಿನ ಪ್ರಮಾಣದಲ್ಲಿ ಸೇವಿಸಬೇಕಾದ ಔಷಧಿಗಳಿಗೆ ಈ ವಿಧಾನವು ಹೊಂದದಿರುವುದಕ್ಕೆ ಇದೇ ಕಾರಣ.

ಸಾರ್ವಜನಿಕರು ಗಮನಿಸಬೇಕಾದ ಅಂಶವೆಂದರೆ, ಒಂದೇ ಹೆಸರಿನ ಔಷಧಿಯಾದರೂ ಕ್ಯಾಪ್ಸೂಲ್ ಮತ್ತು ದ್ರಾವಣವು ಒಂದಕ್ಕೊಂದು ಬದಲಿಯಲ್ಲ. ಇಟ್ರಾಕೊನಜೋಲ್‌ನ ಸಾಮಾನ್ಯ ಕ್ಯಾಪ್ಸೂಲ್ ಕರಗಲು ಜಠರದ ಆಮ್ಲವು ಅವಶ್ಯಕ. ಅದನ್ನು ಪೂರ್ಣ ಊಟದ ನಂತರ ಸೇವಿಸಬೇಕು, ಆಮ್ಲಶಾಮಕ ಔಷಧಿಗಳು ಅದರ ಹೀರಿಕೆಯನ್ನು ಕುಗ್ಗಿಸುತ್ತವೆ. ದ್ರಾವಣವನ್ನು ಖಾಲಿ ಹೊಟ್ಟೆಯಲ್ಲಿ ಸೇವಿಸಬೇಕು. ಅಷ್ಟೇ ಮಿ.ಗ್ರಾಂ. ಪ್ರಮಾಣದಲ್ಲಿ ದ್ರಾವಣದಿಂದ ರಕ್ತಕ್ಕೆ ಹೆಚ್ಚು ಔಷಧಿ ಸೇರುವುದರಿಂದ, ಒಂದು ದೊರೆಯಲಿಲ್ಲವೆಂದು ವೈದ್ಯರ ಸಲಹೆಯಿಲ್ಲದೆ ಮತ್ತೊಂದನ್ನು ಪಡೆಯಬಾರದು. ದ್ರಾವಣದಿಂದ ಭೇದಿಯಾಗುವುದುಂಟು, ಕರುಳಿನಲ್ಲಿ ಉಳಿಯುವ ಸೈಕ್ಲೊಡೆಕ್ಸ್ಟ್ರಿನ್ ಇದಕ್ಕೆ ಒಂದು ಕಾರಣ.

ಚುಚ್ಚುಮದ್ದುಗಳ ವಿಷಯ ಬೇರೆ. ಕೋವಿಡ್ ಚಿಕಿತ್ಸೆಗೆ 2020ರಿಂದ ಬಳಕೆಗೆ ಬಂದ ರೆಮ್‌ಡೆಸಿವಿರ್‌ನ 100 ಮಿ.ಗ್ರಾಂ. ಪುಡಿಯ ಬಾಟಲಿಯಲ್ಲಿ ಸಲ್ಫೊಬ್ಯುಟೈಲ್ ಈಥರ್ ಬೀಟಾ ಸೈಕ್ಲೊಡೆಕ್ಸ್ಟ್ರಿನ್ 3 ಗ್ರಾಂ ಇರುತ್ತದೆ. ಈ ಪದಾರ್ಥವು ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ, ಮೂತ್ರಪಿಂಡದ ಕಾರ್ಯ ಕುಂದಿದವರಲ್ಲಿ ಶೇಖರವಾಗುತ್ತದೆ. ಅಂತಹ ರೋಗಿಗಳು ಅಥವಾ ಅವರ ಕುಟುಂಬದವರು ಈ ಬಗ್ಗೆ ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು.

ತಯಾರಿಕಾ ಪರವಾನಗಿ ಕೋರುವವರ ಗಮನಕ್ಕೆ: ಈಗಾಗಲೇ ಅನುಮೋದಿತವಾದ ಔಷಧಿಯನ್ನು ಹೊಸ ಡೋಸೇಜ್ ರೂಪದಲ್ಲಿ ಮಾರುಕಟ್ಟೆಗೆ ತರಲು ಉದ್ದೇಶಿಸಿದಲ್ಲಿ, ಹೊಸ ಔಷಧಿಗಳು ಮತ್ತು ಕ್ಲಿನಿಕಲ್ ಟ್ರಯಲ್ಸ್ ನಿಯಮಗಳು, 2019ರ ಅನ್ವಯ ಅದು ಹೊಸ ಔಷಧಿ ಎಂದು ಪರಿಗಣಿಸಲ್ಪಡುತ್ತದೆ. ಇದಕ್ಕೆ ಕೇಂದ್ರ ಪರವಾನಗಿ ಪ್ರಾಧಿಕಾರದ ಅನುಮತಿಯು ಅಗತ್ಯ.