ನಮ್ಮ ಬಯಲಿನ ತೋಳದ ವಂಶಾವಳಿ

ಅತ್ತಿಬೆಲೆಯಿಂದ ಹೊಸೂರಿನ ಕಡೆಗೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಇಂದು ಕಾರ್ಖಾನೆಗಳೂ ಉಗ್ರಾಣಗಳೂ ತುಂಬಿರುವುವು. ಇಲ್ಲಿಯ ಮಕ್ಕಳು ತೋಳವನ್ನು ಕಂಡವರಲ್ಲ. ‘ತೋಳ ಬಂತು ತೋಳ’ ಎಂದು ಸುಳ್ಳು ಕೂಗಿದ ಕುರಿಗಾಹಿ ಹುಡುಗನ ಕಥೆಯಲ್ಲಿ ಮಾತ್ರ ಅದನ್ನು ಬಲ್ಲರು. ಭಾರತವನ್ನೋದಿದ ಹಿರಿಯರಿಗೆ ಭೀಮಸೇನನ ವೃಕೋದರನೆಂಬ ಹೆಸರಿನಲ್ಲಿ ಅದರ ಹಸಿವಿನ ಪರಿಚಯವುಂಟು. ಗಡಿಯಾಚೆಗಿನ ತೆಲುಗಿನವರು ಇದನ್ನು ತೋಡೇಲು ಎನ್ನುವರು. ಅದು ನಮ್ಮ ಮಾತಿನ ನಂಟನೇ ಆಗಿದೆ. ಮಾತುಗಳಿಗೆ ನಂಟುಂಟೆಂಬುದನ್ನು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಂತೆ ಪ್ರಾಣಿಗಳ ನಂಟನ್ನು ಜೀವಶಾಸ್ತ್ರಜ್ಞರು ಈಚೆಗೆ ಶೋಧಿಸತೊಡಗಿದ್ದಾರೆ. ಆ ಶೋಧನೆಯಿಂದ ನಮ್ಮ ಬಯಲುಸೀಮೆಯ ತೋಳದ ವಿಷಯದಲ್ಲಿ ತಿಳಿದುಬಂದಿರುವುದು ಸಾಮಾನ್ಯವಾದ ಸಂಗತಿಯಲ್ಲ.

ಈ ಪ್ರಾಣಿಗೆ ಶಾಸ್ತ್ರೀಯವಾದ ಹೆಸರನ್ನಿಟ್ಟವನು ಮುಂಬಯಿ ಸೈನ್ಯದ ಅಧಿಕಾರಿಯಾಗಿದ್ದ ವಿಲಿಯಂ ಹೆನ್ರಿ ಸೈಕ್ಸ್. ದಖನ್ನಿನ ಜನ, ಬೆಳೆ, ಪ್ರಾಣಿಪಕ್ಷಿಗಳ ವಿವರಗಳನ್ನು ಸಂಗ್ರಹಿಸಿದ ಈತನು ೧೮೩೧ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದವರಿಗೆ ಇದನ್ನು ‘ಕ್ಯಾನಿಸ್ ಪ್ಯಾಲಿಪೆಸ್’ ಎಂದು ವರ್ಣಿಸಿದನು. ಪ್ಯಾಲಿಪೆಸ್ ಎಂದರೆ ಮಾಸಲು ಕಾಲಿನದು ಎಂದರ್ಥ. ಹದಿನಾರು ವರ್ಷಗಳ ತರುವಾಯ ಹಾಡ್ಜ್‌ಸನ್ ಎಂಬಾತನು ಟಿಬೆಟ್ಟಿನ ಉಣ್ಣೆಗೂದಲಿನ ತೋಳಕ್ಕೆ ಬೇರೊಂದು ಹೆಸರನ್ನಿತ್ತನು. ಬಳಿಕ ಬಂದ ಪಂಡಿತರಾದರೋ ಇವೆರಡನ್ನೂ ೧೭೫೮ರಲ್ಲಿಯೇ ಲಿನ್ನೇಯಸನು ಹೆಸರಿಸಿದ್ದ ಬೂದುತೋಳದ ಉಪಜಾತಿಗಳೆಂದು ಎಣಿಸಿ, ನಮ್ಮ ತೋಳವನ್ನು ಪರ್ಷಿಯಾ ಅರೇಬಿಯಾಗಳ ತೋಳಗಳೊಡನೆ ಒಂದೇ ಕಟ್ಟಿಗೆ ಸೇರಿಸಿಬಿಟ್ಟರು.

ಹೆಸರಿಟ್ಟ ಆಳಿಕೆಯೇ ಅದರ ತಲೆಗೆ ಬೆಲೆಯನ್ನೂ ಕಟ್ಟಿತು. ೧೮೭೫ರಿಂದ ೧೯೨೫ರ ವರೆಗಿನ ಐವತ್ತು ವರ್ಷಗಳಲ್ಲಿ ಕೊಲ್ಲಲ್ಪಟ್ಟ ತೋಳಗಳು ಎರಡು ಲಕ್ಷದಷ್ಟೆಂದು ಇತಿಹಾಸಕಾರರಾದ ಮಹೇಶ್ ರಂಗರಾಜನ್ ಅವರ ಗಣನೆ. ಹುಲಿಯನ್ನು ಕೊಂದವನು ಅದರ ಮೇಲೆ ಕಾಲಿಟ್ಟು ಚಿತ್ರ ತೆಗೆಯಿಸಿಕೊಂಡನು. ತೋಳವನ್ನು ಕೊಂದವನು ಇನಾಮನ್ನೆಣಿಸಿಕೊಂಡು ಮನೆಗೆ ಹೋದನು. ಆದುದರಿಂದಲೇ ಈ ಕಗ್ಗೊಲೆಯ ನೆನಪು ನಮ್ಮಲ್ಲಿ ಉಳಿಯಲಿಲ್ಲವೆಂದು ತೋರುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ತೋಳಕ್ಕೂ ಹುಲಿಗೂ ಒಂದೇ ರಕ್ಷಣೆಯನ್ನು ಇತ್ತಿರುವುದಾದರೂ, ಕಾಗದದ ಮೇಲಿನ ಆ ಸಮಾನತೆ ನೆಲದ ಮೇಲೆ ಇಂದಿಗೂ ಇಳಿದಿಲ್ಲ.

ಇನ್ನು ವಂಶಾವಳಿಯ ಮಾತು. ಹಳೆಯ ಕಾವ್ಯವೊಂದನ್ನು ಸಂಪಾದಿಸುವವರು ಏನು ಮಾಡುವರು? ಹಲವು ಓಲೆಯ ಪ್ರತಿಗಳನ್ನು ಕೂಡಿಸಿ, ಲಿಪಿಕಾರರ ತಪ್ಪುಗಳನ್ನು ಹೋಲಿಸಿ ನೋಡುವರು. ಒಂದೇ ಬಗೆಯ ತಪ್ಪುಗಳುಳ್ಳ ಪ್ರತಿಗಳು ಒಂದೇ ಮಾತೃಕೆಯಿಂದ ಇಳಿದುವೆಂದೂ, ಪಾಠಾಂತರಗಳು ಹೆಚ್ಚಿದಷ್ಟೂ ಅವು ಅಗಲಿ ಬಹುಕಾಲವಾಯಿತೆಂದೂ ನಿರ್ಣಯಿಸುವರು. ಪ್ರಾಣಿಗಳ ಜೀವಕಣಗಳಲ್ಲಿ ಡಿ.ಎನ್.ಎ. ಎಂಬ ಇಂತಹುದೇ ಒಂದು ಒಕ್ಕಣೆಯುಂಟು. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅದರಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳು ಸೇರುತ್ತ ಬರುವುವು. ಇದರ ಒಂದು ಚಿಕ್ಕ ಭಾಗವು ತಾಯಿಯಿಂದಲೇ ಮಕ್ಕಳಿಗೆ ಬರತಕ್ಕದ್ದು. ೨೦೦೪ರ ಸುಮಾರಿಗೆ ಡೆಹರಾಡೂನಿನ ವನ್ಯಜೀವಿ ಸಂಸ್ಥೆಯ ವಿದ್ವಾಂಸರೂ ಅವರ ಅಮೆರಿಕದ ಸಹೋದ್ಯೋಗಿಗಳೂ ಈ ಮಾತೃಭಾಗವನ್ನು ಪರೀಕ್ಷಿಸಿದರು. ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದವರೂ ಬೇರೆಯಾಗಿ ಇದೇ ಕೆಲಸವನ್ನು ಕೈಕೊಂಡರು. ಹಿಮಾಲಯದ ತೋಳವು ಸುಮಾರು ಎಂಟು ಲಕ್ಷ ವರ್ಷಗಳ ಹಿಂದೆಯೂ, ನಮ್ಮ ಬಯಲಿನದು ಸುಮಾರು ನಾಲ್ಕು ಲಕ್ಷ ವರ್ಷಗಳ ಹಿಂದೆಯೂ ಉಳಿದ ತೋಳಗಳಿಂದ ಕವಲೊಡೆದುವೆಂದು ಮೊದಲನೆಯವರು ಅಂದಾಜು ಮಾಡಿದರು. ನಾಯಿಗಳ ಮೂಲವು ಇವೆರಡರಲ್ಲಿಯೂ ಇಲ್ಲವೆಂಬುದೂ ಕಂಡುಬಂದಿತು.

ಆದರೆ ಮಾತೃಭಾಗವೊಂದನ್ನೇ ಓದಿ ವಂಶವನ್ನು ನಿರ್ಣಯಿಸುವುದು ಕಾವ್ಯದ ಒಂದು ಆಶ್ವಾಸವನ್ನೋದಿ ಇಡಿಯ ಗ್ರಂಥದ ಪರಂಪರೆಯನ್ನು ಹೇಳಿದಂತೆ. ಅಲ್ಲದೆ ಲಿಪಿಕಾರನು ಎರಡು ಮಾತೃಕೆಗಳನ್ನು ಎದುರಿಗಿಟ್ಟುಕೊಂಡು ಬೆರಸಿ ಬರೆದಿದ್ದರೆ ಸಂಪಾದಕನ ಪಾಡೇನು! ತೋಳಗಳಲ್ಲಿಯೂ ಹಾಗೆಯೇ, ಬೇರೆ ಬೇರೆ ವಂಶಗಳು ಎದುರುಗೊಂಡಾಗಲೆಲ್ಲ ಬೆರೆತಿವೆ. ೨೦೨೧ರಲ್ಲಿ ಲಾರೆನ್ ಹೆನ್ನೆಲ್ಲಿ ಎಂಬವರೂ ಅವರ ಸಂಗಡಿಗರೂ ನಮ್ಮ ತೋಳಗಳ ಸಂಪೂರ್ಣ ಒಕ್ಕಣೆಯನ್ನು ಓದಿ, ಇಂತಹ ಬೆರಕೆಯು ಸುಲಭವಾಗಿ ನಿಲ್ಲದ ಭಾಗಗಳನ್ನು ಆಯ್ದು ವಿಚಾರಮಾಡಿದರು. ಭಾರತದ ತೋಳವೂ ಟಿಬೆಟ್ಟಿನದೂ ಪರಸ್ಪರವಾಗಿಯೂ ಉಳಿದೆಲ್ಲ ತೋಳಗಳಿಂದಲೂ ಬೇರೆಯಾದ ಪ್ರಾಚೀನ ವಂಶಗಳೆಂದೂ, ಭಾರತದ್ದು ಬದುಕಿರುವ ಬೂದುತೋಳಗಳಲ್ಲಿ ಅತ್ಯಂತ ಹಳೆಯ ಕವಲಾಗಿರಬಹುದೆಂದೂ ಅವರ ಮತ. ಪಶ್ಚಿಮ ಏಷ್ಯದ ತೋಳಗಳೊಡನೆ ಇದನ್ನು ಕಟ್ಟಿದ ಹಳೆಯ ಕಟ್ಟು ಇದರಿಂದ ಬಿಚ್ಚಿಹೋಯಿತು. ಪರಿಣಾಮವೇನೆಂದರೆ, ತುರ್ಕಿಯ ವರೆಗೂ ಹರಡಿದೆಯೆಂದು ನಾವು ನಿಶ್ಚಿಂತರಾಗಿದ್ದ ಪ್ರಾಣಿಯು ಈ ಉಪಖಂಡವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಇಲ್ಲಿ ಅಳಿದರೆ ಅಳಿದಂತೆಯೇ. ಭಾರತದಲ್ಲಿ ಬೆಳೆದ ತೋಳಗಳು ಸುಮಾರು ೩,೧೦೦ ಇರಬಹುದೆಂದು ೨೦೨೨ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಅದೇ ವರ್ಷದ ಗಣತಿಯಲ್ಲಿ ಹುಲಿಗಳ ಸರಾಸರಿ ಸಂಖ್ಯೆ ೩,೬೮೨.

ಹುಲಿಗೆ ಕಾಡಿದೆ, ತೋಳಕ್ಕೆ ಬೇಕಾದುದು ಹುಲ್ಲುಗಾವಲು, ಕುರುಚಲು ಬಯಲು. ಮೈಸೂರು ಸೀಮೆಯಲ್ಲಿ ಇಂತಹ ನೆಲವನ್ನು ನಮ್ಮ ಹಿಂದಿನವರು ಒಂದು ಬೇರೆಯೇ ಉದ್ದೇಶದಿಂದ ಕಾದಿಟ್ಟಿದ್ದರು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯು ಟೀಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ದನಗಳಿಗಾಗಿ ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗಗಳ ಕಡೆ ಕಾವಲುಗಳು ಏರ್ಪಟ್ಟುವು. ದನಕ್ಕೆಂದು ಉಳಿದ ಹುಲ್ಲಿನಲ್ಲಿ ಕೃಷ್ಣಮೃಗವೂ ತೋಳವೂ ಎರ್ಲಡ್ಡು ಹಕ್ಕಿಯೂ ಬಾಳಿದುವು. ಈ ಕಾವಲುಗಳ ಬಹುಭಾಗ ಈಗ ಸಾಗುವಳಿಗೂ ನೆಡುತೋಪುಗಳಿಗೂ ಹೋಗಿದೆ. ಚಳ್ಳಕೆರೆಯ ಸೀಮೆಯಲ್ಲಿ ಸಾವಿರಾರು ಎಕರೆ ಹುಲ್ಲುನೆಲವು ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೇ ಸಂದಿತು! ಲೆಕ್ಕದ ಪುಸ್ತಕದಲ್ಲಿ ‘ಬಂಜರು’ ಎಂದು ಬರೆದ ಮೇಲೆ ಅಂತಹ ನೆಲವನ್ನು ಕೇಳುವವರಾರು?

ನೆಲ ಕುಗ್ಗಿದಂತೆ ಇನ್ನೊಂದು ಭಯವು ತಲೆದೋರಿದೆ. ತನ್ನ ಕುಲದ ಜೊತೆಯು ದೊರೆಯದ ತೋಳವು ಊರನಾಯಿಯೊಡನೆ ಕೂಡಬಲ್ಲುದು. ಪುಣೆಯ ಬಯಲಿನಲ್ಲಿ ವಿಲಕ್ಷಣವಾದ ಹಳದಿ ಮೈಬಣ್ಣದ ತೋಳವೊಂದನ್ನು ಕಂಡ ಅಲ್ಲಿಯ ಉತ್ಸಾಹಿಗಳೊಡನೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರೂ ಏಟ್ರೀ ಸಂಸ್ಥೆಯವರೂ ಸೇರಿ ನಡೆಯಿಸಿದ ಪರೀಕ್ಷೆಯಲ್ಲಿ ಬೆರಕೆಯು ಸ್ಥಿರಪಟ್ಟಿತು. ೨೦೨೩ರಲ್ಲಿ ಅದು ಪ್ರಕಟವಾಯಿತು. ಲಕ್ಷಾಂತರ ವರ್ಷಗಳು ಉಳಿದುಬಂದ ಪಾಠವು ಕೆಲವೇ ತಲೆಮಾರುಗಳಲ್ಲಿ ಕಲಸಿಹೋಗುವ ಸಂಭವವಿದೆ. ತೋಳವನ್ನು ಕಾಯುವುದೆಂದರೆ ಹಳ್ಳಿಯ ನಾಯಿಗಳ ಸಂಖ್ಯೆಯನ್ನು ಹತೋಟಿಯಲ್ಲಿಡುವುದೂ ಆಗಿದೆಯೆಂಬುದು ಮೈಬಣ್ಣವನ್ನು ನೋಡಿಯಷ್ಟೇ ನಿಶ್ಚಯವಾಗಿ ತಿಳಿಯತಕ್ಕ ವಿಷಯವಾಗಿರಲಿಲ್ಲ.

ಪಟ್ಟಣದಲ್ಲಿ ಕುಳಿತು ವಂಶಾವಳಿಯನ್ನು ಮೆಚ್ಚುವುದು ಸುಲಭ. ಒಂದಿರುಳಿನಲ್ಲಿ ಮೂರು ಕುರಿಗಳನ್ನು ಕಳೆದುಕೊಂಡ ಕುರುಬನಿಗೆ ನಾಲ್ಕು ಲಕ್ಷ ವರ್ಷಗಳ ಮಾತು ಏತಕ್ಕೆ? ಪರಿಹಾರದ ಹಣವು ಹೊತ್ತಿಗೆ ಸರಿಯಾಗಿ ಅವನ ಕೈಸೇರದ ಹೊರತು ಈ ಶಾಸ್ತ್ರವೆಲ್ಲ ಅವನ ಹಟ್ಟಿಯ ಬೇಲಿಯಾಚೆಗೇ ನಿಲ್ಲುವುದು.

ನಮ್ಮ ನಾಡಿನಲ್ಲಿ ತೋಳಕ್ಕಾಗಿ ನಡೆದಿರುವ ಏರ್ಪಾಡುಗಳು ಎರಡು. ಮೇಲುಕೋಟೆಯ ಗುಡ್ಡಗಳನ್ನು ೧೯೭೪ರಲ್ಲಿಯೇ ವನ್ಯಧಾಮವೆಂದು ಸಾರಲಾಯಿತು. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರವು ೨೦೨೫ರಲ್ಲಿ ತೋಳಧಾಮವಾಯಿತು. ಅದರ ವಿಸ್ತಾರ ೩೩೨ ಎಕರೆ, ಎಂದರೆ ಒಂದೂವರೆ ಚದರ ಕಿಲೋಮೀಟರಿಗೂ ಕಡಮೆ. ತೋಳದ ಹಿಂಡೊಂದು ಸಂಚರಿಸುವ ನೆಲವನ್ನಾದರೋ ನೂರರ ಲೆಕ್ಕದಲ್ಲಿ ಅಳೆಯಬೇಕು. ಮರಿಗಳು ಗವಿಯಲ್ಲಿರುವ ತಿಂಗಳುಗಳಲ್ಲಿ ತಾಯಿಗೆ ಅಲ್ಲಿ ಮರೆ ದೊರೆತೀತು. ಹೊಟ್ಟೆಗಾಗಿ ಅದು ಸುತ್ತಣ ಹಳ್ಳಿಗಳ ಬೀಳುಗಳಿಗೂ ಕುರಿಹಟ್ಟಿಗಳ ಬಳಿಗೂ ಹೋಗಲೇಬೇಕು. ಊರನಾಯಿಗಳು ಇರುವುದೂ ಅಲ್ಲಿಯೇ.