ಬಾಗಲಕೋಟೆ ಸೀಮೆಯ ಮೆಟ್ಟಿಲ ಬಾವಿಗಳೂ ನಾರುಹುಣ್ಣೂ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳು 1997ರವರೆಗೆ ವಿಜಾಪುರ ಜಿಲ್ಲೆಗೆ ಸೇರಿದ್ದವು. ಮಳೆ ಕಡಮೆಯಾದ ಈ ಸೀಮೆಯಲ್ಲಿ ಬಾವಿ ಕಟ್ಟಿಸುವುದು ಪುಣ್ಯಕಾರ್ಯವೆನಿಸಿದ್ದಿತು. ನಾರುಹುಣ್ಣು ಹರಡಿದುದು ಮುಖ್ಯವಾಗಿ ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳಿಂದಲೇ. ಹುಣ್ಣಾದ ಕಾಲು ನೀರಿಗೆ ತಗಲಿದೊಡನೆ ಹೆಣ್ಣುಹುಳು ಮರಿಗಳನ್ನು ಬಿಡುತ್ತದೆ. ಅವನ್ನು ನುಂಗಿದ ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿಯು ಕುಡಿಯುವ ನೀರಿನೊಡನೆ ಮನುಷ್ಯನ ಹೊಟ್ಟೆಯನ್ನು ಸೇರುತ್ತದೆ. ಸುಮಾರು ಒಂದು ವರ್ಷದ ತರುವಾಯ ಗಜದುದ್ದದ ಹುಳು, ಬಹುಮಟ್ಟಿಗೆ ಕಾಲಿನಲ್ಲಿಯೇ, ತಲೆದೋರುತ್ತದೆ.

ಇದರಿಂದ ಸತ್ತವರು ವಿರಳ. ದಾರಿತಪ್ಪಿದ ಹುಳುವಿನಿಂದ ಹೃದಯದ ಹೊರಪೊರೆ ಗಡುಸಾಗಿ, ಹೃದಯವು ರಕ್ತ ತುಂಬಿಕೊಳ್ಳಲಾರದಂತೆ ಅದುಮಲ್ಪಟ್ಟ ಪ್ರಸಂಗವನ್ನು ಮುಂಬಯಿಯ ವೈದ್ಯರು 1962ರಲ್ಲಿ ಪ್ರಕಟಿಸಿದರು. ಅದು ಅಪವಾದವೇ ಸರಿ. ಸಾವಿನ ಲೆಕ್ಕದಿಂದ ರೋಗವನ್ನು ಅಳೆಯುವ ಇತಿಹಾಸಕಾರರು ಪ್ಲೇಗು, ಕಾಲರಾಗಳನ್ನು ಕುರಿತು ಬರೆದು ಇದನ್ನು ಕಡೆಗಣಿಸುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಬಿತ್ತನೆಯ ವೇಳೆಗೆ ಒಕ್ಕಲಿಗನು ವಾರಗಟ್ಟಲೆ ಹಾಸಿಗೆ ಹಿಡಿದರೆ ಮನೆಯ ವರ್ಷದ ಕೂಳಿಗೇ ಸಂಚಕಾರ. ಇಳಕಲ್ಲಿನ ಕುಣಿಮಗ್ಗದ ನೇಕಾರನಾದರೂ ಕಾಲಿನಿಂದ ತುಳಿಯದೆ ಸೀರೆ ನೇಯುವುದೆಂತು?

ಇದಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಮದ್ದೂ ಇಲ್ಲ. 1983–84ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವು ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಕಲಿಸಿತು, ಕೊಳವೆಬಾವಿಗಳನ್ನು ತೋಡಿಸಿತು, ಮೆಟ್ಟಿಲ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿತು. ದೇಶದ ಕೊನೆಯ ರೋಗಿಯು 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ರೋಗಮುಕ್ತವೆಂದು ಘೋಷಿಸಿತು. ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಮೆಟ್ಟಿಲು ಮುಚ್ಚಿದ ಬಾವಿಯನ್ನು ಪಾಳುಬಿದ್ದುದೆಂದು ಬರೆದುಕೊಳ್ಳುವ ಮುನ್ನ, ಅದನ್ನು ಮುಚ್ಚಿದುದು ಯಾವ ವರ್ಷವೆಂದು ಊರ ಹಿರಿಯರನ್ನು ವಿಚಾರಿಸಬೇಕು.