ದೇವರ ಅಧಿಕಾರಕ್ಕೆ ಶರಣು: ನಮ್ಮ ನಾಡಿನ ಧರ್ಮಸಭೆಯ ಚರಿತ್ರೆಯಿಂದ ಒಂದು ಅಧ್ಯಾಯ



ದಿವ್ಯಬಲಿಪೂಜೆಯಲ್ಲಿ ಪರಮಪ್ರಸಾದವನ್ನು ಸ್ವೀಕರಿಸುವುದಕ್ಕೆ ಮುನ್ನ ನಾವೆಲ್ಲರೂ ಒಕ್ಕೊರಲಿನಿಂದ ಹೇಳುವ ಮಾತು ಒಬ್ಬ ರೋಮನ್ ಶತಾಧಿಪತಿಯದು. ಪ್ರಭುವನ್ನು ತನ್ನ ಮನೆಗೆ ಬರಮಾಡಿಕೊಳ್ಳುವ ಯೋಗ್ಯತೆ ತನಗಿಲ್ಲವೆಂದು ಆತ ಹೇಳಿದ್ದನ್ನು ನಮ್ಮ ಮಕ್ಕಳೂ ಬಾಯಿಪಾಠವಾಗಿ ಬಲ್ಲರು. ಅದರ ಬೆನ್ನಿಗೇ ಆತ ಇನ್ನೊಂದು ಮಾತನ್ನೂ ಹೇಳಿದ. ತಾನೂ ಮತ್ತೊಬ್ಬರ ಅಧಿಕಾರಕ್ಕೆ ಒಳಪಟ್ಟವನು, ತನ್ನ ಕೈಕೆಳಗೂ ಸಿಪಾಯಿಗಳಿದ್ದಾರೆ ಎಂದ. ಈ ಮಾತು ಪೂಜಾವಿಧಿಯಲ್ಲಿ ಸೇರಿಲ್ಲವಾದ ಕಾರಣ ನಮಗೆ ಮರೆತುಹೋಗುತ್ತದೆ. ಆದರೆ ಯೇಸುಸ್ವಾಮಿಯವರು ಬೆರಗಾಗಿ ಕೊಂಡಾಡಿದ ವಿಶ್ವಾಸದ ಬೇರು ಇರುವುದು ಅಲ್ಲಿಯೇ. ಅಪ್ಪಣೆ ಕೊಡುವವನೂ ಅಪ್ಪಣೆಗೆ ಒಳಪಟ್ಟವನೇ ಎಂಬುದನ್ನು ಆ ಸೈನಿಕನು ಬಲ್ಲವನಾಗಿದ್ದನು.

ನಮ್ಮ ದೇವಾಲಯದ ನೂರು ವರ್ಷಗಳ ವೃತ್ತಾಂತವೂ ಇಲ್ಲಿ ದುಡಿದ ಗುರುಗಳ, ಉಪದೇಶಿಗಳ ಹೆಸರುಗಳೂ ಈ ಸಂಚಿಕೆಯ ಬೇರೆ ಪುಟಗಳಲ್ಲಿವೆ. ಸಂಪಾದಕ ಮಂಡಳಿಯವರು ನಮ್ಮಿಂದಲೂ ಒಂದು ಚರಿತ್ರೆಯ ಲೇಖನವನ್ನು ಅಪೇಕ್ಷಿಸಿದಾಗ, ಈ ನೂರು ವರ್ಷಗಳಿಗಿಂತಲೂ ಬಹಳ ಹಿಂದಿನದೊಂದು ಸಂಗತಿಯನ್ನು ಬರೆಯುವುದು ಉಚಿತವೆಂದು ತೋರಿತು. ದೇವರ ಚಿತ್ತಕ್ಕೆ ತಲೆಬಾಗುತ್ತೇವೆ ಎಂದು ಹೇಳುವುದು ಸುಲಭ. ಆ ಚಿತ್ತವು ಮನುಷ್ಯರ ಕೈಬರಹದ ಕಾಗದವಾಗಿ ಮನೆಬಾಗಿಲಿಗೆ ಬಂದಾಗ ಏನು ಮಾಡಬೇಕು? ಕಾಗದಗಳು ಎರಡು ಬಂದು, ಒಂದಕ್ಕೊಂದು ವಿರುದ್ಧವಾಗಿದ್ದರೆ? ನಮ್ಮ ಪೂರ್ವಿಕರನ್ನು ಕಾಡಿದ ಪ್ರಶ್ನೆ ಇದೇ.

ಕೃಷ್ಣೆ ಭೀಮೆಯರ ನಡುವೆ ಇರುವ ಈ ವಡಗೇರಾ ಸೀಮೆ ಇಂದು ತಾನೇ ಒಂದು ತಾಲ್ಲೂಕು ಕೇಂದ್ರ. ಹಿಂದೆ ಶಹಾಪುರ ತಾಲ್ಲೂಕಿಗೆ ಸೇರಿತ್ತು. ಅದಕ್ಕೂ ಹಿಂದೆ, ಸುರಪುರದ ನಾಯಕರ ಹೆಸರು ಬೆಳಗುವುದಕ್ಕೂ ಮುಂಚೆ, ಸಗರನಾಡೆಲ್ಲವೂ ವಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಗೆ ಒಳಪಟ್ಟಿತ್ತು. ಸುಲ್ತಾನರ ಫರ್ಮಾನು ಬಂತೆಂದರೆ ಅಧಿಕಾರಿಗಳು ಎದುರುಹೋಗಿ, ಅದನ್ನು ತಲೆಯ ಮೇಲಿಟ್ಟುಕೊಂಡು ಬರಮಾಡಿಕೊಳ್ಳುತ್ತಿದ್ದ ಕಾಲವದು. ಅಪ್ಪಣೆಯನ್ನು ಶಿರಸಾವಹಿಸುವುದು ಎಂದು ನಾವು ಇಂದಿಗೂ ಹೇಳುತ್ತೇವಲ್ಲವೇ? ಪಕ್ಕದ ರಾಯಚೂರು ಸೀಮೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದಲೂ ಕಥೋಲಿಕ ಮನೆತನಗಳು ಬಾಳಿ ಬಂದಿವೆಯೆಂಬುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ.

ಈ ರಾಜ್ಯಕ್ಕೆಂದೇ ರೋಮಾಪುರಿಯು ನೇಮಿಸಿದ ಮೊದಲನೆಯ ಧರ್ಮಾಧ್ಯಕ್ಷರು ಯೂರೋಪಿನವರಲ್ಲ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಅವರು ಗೋವೆಯ ಮಾಂಡವಿ ನದಿಯ ದಿವಾಡಿ ದ್ವೀಪದವರು. ಬ್ರಾಹ್ಮಣ ಮನೆತನದಿಂದ ಬಂದ ಕ್ರೈಸ್ತರು. ಹೆಸರು ಮಥೇವುಸ್ ದೆ ಕಾಸ್ತ್ರೊ. ಗುರುವಾಗಬೇಕೆಂಬ ಆಸೆಯಿಂದ ಓದಿದ ಈ ಯುವಕನಿಗೆ ಗೋವೆಯ ಅಂದಿನ ಮಹಾಧರ್ಮಾಧ್ಯಕ್ಷರು ಗುರುದೀಕ್ಷೆಯನ್ನು ಕೊಡಲೊಪ್ಪಲಿಲ್ಲ. ವಿದ್ಯೆಯ ಕೊರತೆ ಇದಕ್ಕೆ ಕಾರಣವಲ್ಲ, ಹುಟ್ಟು ಕಾರಣ. ಈ ದೇಶದವರು ಆ ಸ್ಥಾನಕ್ಕೆ ತಕ್ಕವರಲ್ಲವೆಂಬ ದುರಭಿಪ್ರಾಯವು ಅಲ್ಲಿ ಬೇರೂರಿತ್ತು. ಇದನ್ನು ನಾವು ಮುಚ್ಚಿಡಬಾರದು. ಗುರುವರ್ಗಕ್ಕೆ ಸೇರಿದವರಾಗಿ ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ. ದೇವರ ಹೆಸರಿನಲ್ಲಿ ಅಧಿಕಾರ ನಡೆಸುವವರು ತಾವೂ ಆತನ ಅಧಿಕಾರಕ್ಕೆ ಒಳಪಟ್ಟವರೆಂಬುದನ್ನು ಮರೆತರು.

ಮಥೇವುಸ್‌ರು ಸುಮ್ಮನೆ ಕೂರಲಿಲ್ಲ. ಪರ್ಷಿಯಾದ ಮಾರ್ಗವಾಗಿ, ವರ್ಷಗಟ್ಟಲೆ ಪ್ರಯಾಣ ಮಾಡಿ, 1625ರ ಹೊತ್ತಿಗೆ ರೋಮಾಪುರಿಯನ್ನು ಸೇರಿದರು. ಆಗಷ್ಟೇ, 1622ರಲ್ಲಿ, ಜಗದ್ಗುರು ಹದಿನೈದನೆಯ ಗ್ರೆಗೊರಿಯವರು ಧರ್ಮಪ್ರಚಾರ ಕಾರ್ಯಕ್ಕೆಂದು ಪ್ರೊಪಗಾಂದ ಎಂಬ ಪೀಠವನ್ನು ಸ್ಥಾಪಿಸಿದ್ದರು. ಅದರ ಕಾರ್ಯದರ್ಶಿಗಳಾಗಿದ್ದ ಫ್ರಾಂಚೆಸ್ಕೊ ಇಂಗೊಲಿಯವರು ಆಯಾ ದೇಶದವರೇ ಗುರುಗಳಾಗಬೇಕೆಂದು ಬಯಸಿದವರು. ಅವರ ಆಸರೆಯಲ್ಲಿ ಮಥೇವುಸ್‌ರು ಓದಿ ಗುರುದೀಕ್ಷೆ ಪಡೆದರು. 1637ರಲ್ಲಿ ಧರ್ಮಾಧ್ಯಕ್ಷರಾಗಿಯೂ ಅಭಿಷಿಕ್ತರಾದರು. ಅವರ ಸೀಮೆಯನ್ನು ರೋಮಿನ ದಾಖಲೆಗಳು ‘ಇದಲ್ಕಾನ್’ ಎಂದು ಕರೆಯುತ್ತವೆ. ಆದಿಲ್ ಖಾನ್ ಎಂಬುದರ ಅಪಭ್ರಂಶವದು. ಗೋಲಗುಂಬಜದಲ್ಲಿ ಮಲಗಿರುವ ಮಹಮ್ಮದ್ ಆದಿಲ್ ಶಹನೇ ಆಗಿನ ಅರಸ. ಅಂದರೆ ಈ ಸಗರನಾಡೂ ಕಾಗದದ ಮೇಲಾದರೂ ಒಬ್ಬ ಭಾರತೀಯ ಧರ್ಮಾಧ್ಯಕ್ಷರ ಮಡಿಲಿಗೆ ಬಂದಿತ್ತು.

ಕಾಗದದ ಮೇಲೆ ಎಂದೆವು. ಏಕೆಂದರೆ ಗೋವೆಯು ಆ ಕಾಗದವನ್ನು ಮನ್ನಿಸಲಿಲ್ಲ. ಪೂರ್ವದೇಶಗಳಲ್ಲಿ ಧರ್ಮಾಧ್ಯಕ್ಷರನ್ನು ಹೆಸರಿಸುವ ಹಕ್ಕನ್ನೂ ದೇವಾಲಯಗಳನ್ನು ಪೋಷಿಸುವ ಹೊಣೆಯನ್ನೂ ಹಿಂದಿನ ಜಗದ್ಗುರುಗಳು ಪೋರ್ಚುಗಲ್ಲಿನ ಅರಸರಿಗೆ ಕೊಟ್ಟಿದ್ದರು. ಪದ್ರೊವಾದೊ ಎಂದರೆ ಇದೇ. ತನ್ನ ಅರಸನ ಒಪ್ಪಿಗೆಯಿಲ್ಲದೆ ರೋಮಿನಿಂದ ನೇರವಾಗಿ ಬಂದ ಧರ್ಮಾಧ್ಯಕ್ಷರನ್ನು ಗೋವೆಯು ಒಪ್ಪಲಿಲ್ಲ. ಮಥೇವುಸ್‌ರು ಪೋರ್ಚುಗೀಸರ ಗಡಿಯಾಚೆ, ಆದಿಲ್‌ಶಾಹಿಗೆ ಸೇರಿದ್ದ ಡಿಚೋಲಿಯಲ್ಲಿ ನೆಲೆಸಿ, ದೇಶೀಯ ಯುವಕರಿಗೆ ಗುರುದೀಕ್ಷೆ ಕೊಟ್ಟರು. ಆದರೆ ಅವರ ಮನಸ್ಸು ಕಹಿಯಾಗುತ್ತ ಹೋಯಿತು. 1653ರಲ್ಲಿ ಪೋರ್ಚುಗೀಸರ ವಿರುದ್ಧ ಕಟುವಾದ ಬರಹವೊಂದನ್ನು ತಮ್ಮ ಜನರ ನಡುವೆ ಹರಡಿದರು. ವಿಜಾಪುರದ ಸೈನ್ಯವನ್ನು ಗೋವೆಯ ಮೇಲೆ ಎತ್ತಿಕಟ್ಟಿದರೆಂಬ ಆಪಾದನೆಯೂ ಅವರ ಮೇಲೆ ಬಂತು. ಕಡೆಗೆ ರೋಮಿಗೆ ಹಿಂತಿರುಗಿ, ಅಲ್ಲಿಯೇ ದಿನ ಕಳೆದು ತೀರಿಕೊಂಡರು. ಅವರಿಗಾದ ಅನ್ಯಾಯ ನಿಜ. ಅವರ ದೂರಿನಲ್ಲಿ ಹುರುಳಿತ್ತು. ಆದರೂ ಅನ್ಯಾಯವನ್ನು ಎದುರಿಸುತ್ತ ಎದುರಿಸುತ್ತ, ಯಾರಿಗಾಗಿ ಎದುರಿಸಲು ಹೊರಟರೋ ಆ ಮಂದೆಯೇ ಅವರ ಕಣ್ಣಿನಿಂದ ಮರೆಯಾಯಿತೇನೋ ಎಂದು ನಮಗೆ ಅನ್ನಿಸುತ್ತದೆ.

ಅವರ ನಂತರ ಈ ಜಗಳವು ಘಟ್ಟದ ಕೆಳಗಿನ ಕನ್ನಡ ಜಿಲ್ಲೆಯಲ್ಲಿ ಇನ್ನೂ ತೀವ್ರವಾಯಿತು. 1670ರ ದಶಕದಲ್ಲಿ ರೋಮಾಪುರಿಯು ಮಥೇವುಸ್‌ರ ಸಂಬಂಧಿಯೇ ಆದ ತೊಮಾಸ್ ದೆ ಕಾಸ್ತ್ರೊ ಅವರನ್ನು ಕೆನರಾ ಸೀಮೆಗೆ ಧರ್ಮಾಧ್ಯಕ್ಷರನ್ನಾಗಿ ನೇಮಿಸಿತು. ಗೋವೆಯು ಇವರನ್ನೂ ಒಪ್ಪಲಿಲ್ಲ. ಕೆಳದಿಯ ಚೆನ್ನಮ್ಮಾಜಿ ಆಳುತ್ತಿದ್ದ ದಿನಗಳವು. ಗದ್ದೆ ತೋಟಗಳಲ್ಲಿ ದುಡಿಯುತ್ತಿದ್ದ ಸಾಧಾರಣ ಕ್ರೈಸ್ತನಿಗೆ ಅರಸರ ಹಕ್ಕುಗಳ ಗೊಡವೆ ಏನು? ಆದರೆ ಅವನಿಗೆ ಒಂದು ದೊಡ್ಡ ಭಯ ಹುಟ್ಟಿತು. ಅಧಿಕಾರವಿಲ್ಲದ ಗುರುವಿನ ಬಳಿ ಪಾಪನಿವೇದನೆ ಮಾಡಿದರೆ ಪಾಪ ಕ್ಷಮೆಯಾಗುವುದೇ? ಅವರು ನಡೆಸಿಕೊಟ್ಟ ಮದುವೆ ಮದುವೆಯೇ? ಸಾಯುತ್ತಿರುವ ತಾಯಿಗೆ ಯಾರನ್ನು ಕರೆತರಬೇಕು? ಒಂದು ಪಕ್ಷದ ಗುರುಗಳು ಇನ್ನೊಂದು ಪಕ್ಷದವರ ಸಂಸ್ಕಾರಗಳು ಸಲ್ಲವೆಂದು ಸಾರುತ್ತಿರುವಾಗ, ದೇವರಿಗೆ ವಿಧೇಯರಾಗಿ ಬಾಳಬೇಕೆಂದಿದ್ದವರಿಗೇ ದಾರಿ ಕಾಣದಾಯಿತು. ಇದಕ್ಕಿಂತ ದೊಡ್ಡ ಎಡವುಗಲ್ಲನ್ನು ಕುರುಬರು ತಮ್ಮ ಕುರಿಗಳ ದಾರಿಯಲ್ಲಿ ಇಡಲಾರರು.

ಇಂಥ ಸಮಯದಲ್ಲಿ, 1681ರಲ್ಲಿ, ಗೋವೆಯು ಅಲ್ಲಿಗೆ ಕಳುಹಿದ್ದು ಮೂವತ್ತು ವರ್ಷದ ಗುರುವೊಬ್ಬರನ್ನು. ಅವರೇ ಇಂದು ನಾವು ಸಂತರೆಂದು ಗೌರವಿಸುವ ಜೋಸೆಫ್ ವಾಜ್‌ರವರು. 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಳಿಯಲ್ಲಿ ಹುಟ್ಟಿದವರು. ಅವರದೂ ಬ್ರಾಹ್ಮಣ ಮೂಲದ ಮನೆತನ. ಈ ದೇಶದ ಗುರುಗಳನ್ನು ಧಾರ್ಮಿಕ ಸಭೆಗಳು ಸೇರಿಸಿಕೊಳ್ಳದ ಕಾಲವದು. ಮಥೇವುಸ್‌ರನ್ನು ಸುಟ್ಟ ಕಿಡಿ ಇವರ ಮೈಮೇಲೂ ಬಿದ್ದಿತ್ತೆಂಬುದನ್ನು ಓದುಗರು ಗಮನಿಸಬೇಕು.

ಅವರು ಕೇಳಿಕೊಂಡದ್ದು ಕೆನರಾವನ್ನಲ್ಲ. ಡಚ್ಚರ ಕಿರುಕುಳಕ್ಕೆ ಸಿಕ್ಕಿ ಗುರುಗಳಿಲ್ಲದೆ ಬಳಲುತ್ತಿದ್ದ ಸಿಂಹಳದ ಕಥೋಲಿಕರ ಬಳಿಗೆ ತಮ್ಮನ್ನು ಕಳುಹಿಸಬೇಕೆಂದು ಅವರು ಬೇಡಿದ್ದರು. ಮೇಲಿನವರು ಬೇರೆಯೇ ಕಡೆಗೆ ಕಳುಹಿದರು. ಹೋದರು. ಇದಕ್ಕೆ ನಾಲ್ಕು ವರ್ಷ ಮುಂಚೆ, 1677ರ ಆಗಸ್ಟ್ 5ರಂದು, ಸಾಂಕವಾಳದ ದೇವಾಲಯದ ಪೀಠದ ಮುಂದೆ ತಾವು ಮಾತೆ ಮರಿಯಮ್ಮನವರ ಗುಲಾಮನೆಂದು ಪತ್ರ ಬರೆದು ಸಹಿ ಹಾಕಿದ್ದರು. ಜೀತದಾಳಿಗೆ ತಾನು ದುಡಿಯುವ ಹೊಲವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲಿಯದು? ಆ ಪತ್ರದ ಬೆಲೆಯನ್ನು ತೆರುವ ಮೊದಲ ಸಂದರ್ಭ ಇದಾಗಿತ್ತೆಂದು ನಾವು ತಿಳಿಯುತ್ತೇವೆ.

ಮಂಗಳೂರಿನಲ್ಲಿ ಅವರು ನಡೆದುಕೊಂಡ ರೀತಿಯನ್ನು ನಾವು ಎಷ್ಟು ಸಲ ಓದಿದರೂ ಮತ್ತೆ ಓದಬೇಕೆನಿಸುತ್ತದೆ. ಗೋವೆಯ ಪ್ರತಿನಿಧಿಯಾಗಿ ಹೋದವರು ತೊಮಾಸ್ ಧರ್ಮಾಧ್ಯಕ್ಷರಿಂದ ಮುಖ ತಿರುಗಿಸಿಕೊಂಡಿರಬಹುದಿತ್ತು. ಗೋವೆಯಲ್ಲಿ ಶಹಬಾಸ್ ಎನಿಸಿಕೊಳ್ಳುತ್ತಿದ್ದರು. ಇಲ್ಲವೇ ತಮ್ಮ ನಾಡಿನವರೇ ಆದ ಧರ್ಮಾಧ್ಯಕ್ಷರ ಪಕ್ಷ ಸೇರಿ, ಪೋರ್ಚುಗೀಸರ ಮೇಲಿನ ಹಳೆಯ ಸೇಡನ್ನು ತೀರಿಸಿಕೊಳ್ಳಬಹುದಿತ್ತು. ಎರಡನ್ನೂ ಮಾಡಲಿಲ್ಲ. ಧರ್ಮಾಧ್ಯಕ್ಷರನ್ನು ಹೋಗಿ ಕಂಡರು. ನೇಮಕದ ಪತ್ರಗಳನ್ನು ತೋರಿಸಬೇಕೆಂದು ವಿನಯದಿಂದಲೇ ಕೇಳಿದರು. ಆ ನೇಮಕವು ಜಗದ್ಗುರುಗಳದೇ ಎಂಬುದು ಮನದಟ್ಟಾದ ಮೇಲೆ ಅದನ್ನು ಅಲ್ಲಗಳೆಯಲಿಲ್ಲ. ಇದ್ದುದನ್ನು ಇದ್ದಂತೆ ಗೋವೆಗೆ ಬರೆದರು. ತಮ್ಮನ್ನು ಕಳುಹಿದವರಿಗೆ ಹಿತವಾಗದ ಸತ್ಯವನ್ನು ತಿಳಿಸಿದರು. ಹಾಗೆಂದು ಅವರ ಮೇಲೆ ಜನರನ್ನು ಎತ್ತಿಕಟ್ಟಲಿಲ್ಲ. ವಿಧೇಯತೆಯೆಂದರೆ ಬಾಯಿ ಮುಚ್ಚಿಕೊಂಡಿರುವುದೆಂದು ತಿಳಿದಿರುವ ನಮ್ಮಂಥ ಗುರುಗಳಿಗೂ, ಸತ್ಯ ಹೇಳುವುದೆಂದರೆ ಬೀದಿಯಲ್ಲಿ ಕೂಗುವುದೆಂದು ತಿಳಿದಿರುವ ಕೆಲವು ಭಕ್ತಾದಿಗಳಿಗೂ ಈ ನಡತೆ ಸ್ವಲ್ಪ ಮುಜುಗರವನ್ನೇ ತರುತ್ತದೆ.

ಜಗಳ ಅವರಿಂದ ಮುಗಿಯಲಿಲ್ಲ. ಅದನ್ನು ಮುಗಿಸುವ ಅಧಿಕಾರವೂ ಅವರಿಗಿರಲಿಲ್ಲ. ಆದರೆ ಕಾಗದಗಳು ಗೋವೆಗೂ ರೋಮಿಗೂ ಓಡಾಡುತ್ತಿದ್ದ ಆ ಮೂರು ವರ್ಷಗಳಲ್ಲಿ ಅವರು ಬಸ್ರೂರು, ಬಾರಕೂರು, ಗಂಗೊಳ್ಳಿ, ಕಲ್ಯಾಣಪುರ, ಹೊನ್ನಾವರಗಳ ನಡುವೆ ಬರಿಗಾಲಿನಲ್ಲಿ ನಡೆದಾಡುತ್ತ, ಬಿದ್ದ ದೇವಾಲಯಗಳನ್ನು ಎತ್ತಿಸುತ್ತ, ಮಕ್ಕಳಿಗೆ ಪಾಠಶಾಲೆಗಳನ್ನು ತೆರೆಯುತ್ತ, ರೋಗಿಗಳ ಹಾಸಿಗೆಯ ಬಳಿ ಕೂರುತ್ತ ಕಾಲ ಕಳೆದರು. 1684ರಲ್ಲಿ ತೊಮಾಸ್ ಧರ್ಮಾಧ್ಯಕ್ಷರು ತೀರಿಕೊಂಡರು. ಅದೇ ವರ್ಷ ವಾಜ್‌ರವರು ಗೋವೆಗೆ ಹಿಂತಿರುಗಿದರು. ಮರುವರ್ಷ ದೇಶೀಯ ಗುರುಗಳೇ ಕಟ್ಟಿಕೊಂಡಿದ್ದ ಒರಾತೊರಿ ಎಂಬ ಕೂಟವನ್ನು ಸೇರಿದರು. 1687ರಲ್ಲಿ, ಕೂಲಿಯವನ ವೇಷದಲ್ಲಿ, ಹಿಂದೊಮ್ಮೆ ಬೇಡಿ ದೊರಕದಿದ್ದ ಸಿಂಹಳದ ನೆಲವನ್ನು ಮುಟ್ಟಿದರು. ಅಲ್ಲಿ ಕ್ಯಾಂಡಿಯ ಅರಸನ ಸೆರೆಯನ್ನೂ ಕಂಡರು, ಕಡೆಗೆ ಅವನ ಗೌರವವನ್ನೂ ಪಡೆದರು. ಧರ್ಮಾಧ್ಯಕ್ಷ ಪದವಿಯ ಮಾತು ಬಂದಾಗ ಒಲ್ಲೆನೆಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೇಹವಿಟ್ಟರು.

ಕೆನರಾದಲ್ಲಿ ಅಧಿಕಾರದ ತಕರಾರು ಇನ್ನೂರು ವರ್ಷ ಉಳಿಯಿತು. 1838ರಲ್ಲಿ ಜಗದ್ಗುರು ಹದಿನಾರನೆಯ ಗ್ರೆಗೊರಿಯವರ ಆಜ್ಞೆ ಬಂತು. ಆಗಲೂ ಊರೂರು ಎರಡು ಪಕ್ಷ. 1886ರಲ್ಲಿ ರೋಮಾಪುರಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಗಿ ಮಂಗಳೂರು ಸ್ವತಂತ್ರ ಧರ್ಮಕ್ಷೇತ್ರವಾದಾಗ, ತಲೆಮಾರುಗಳಿಂದ ಗೋವೆಯ ಗುರುಗಳನ್ನೇ ನೆಚ್ಚಿಕೊಂಡಿದ್ದ ಬ್ರಹ್ಮಾವರದ ಅನೇಕ ಕುಟುಂಬಗಳು ಹೊಸ ಅಧಿಕಾರಕ್ಕೆ ಒಳಪಡಲಿಲ್ಲ. ಗೋವೆಯ ಗುರು ಆಲ್ವಾರಿಸರು 1889ರ ಜುಲೈ 29ರಂದು ಕೊಟ್ಟಾಯಂನಲ್ಲಿ ಮಲಂಕರ ಸಿರಿಯನ್ ಸಭೆಯವರಿಂದ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಅಭಿಷಿಕ್ತರಾಗಿ ಈ ಜನರ ಧರ್ಮಾಧ್ಯಕ್ಷರಾದರು. ಆ ಸಭೆ ಇಂದಿಗೂ ಬ್ರಹ್ಮಾವರದಲ್ಲಿ ಬಾಳುತ್ತಿದೆ. ಆಲ್ವಾರಿಸರು ಕಾಲರಾ ರೋಗಿಗಳ, ದಿಕ್ಕಿಲ್ಲದವರ ಸೇವೆಯಲ್ಲಿ ಸವೆದು 1923ರಲ್ಲಿ ಗೋವೆಯಲ್ಲಿ ಬಡವರಂತೆಯೇ ತೀರಿಕೊಂಡವರು. ಅವರ ಜೊತೆಗಾರ ನೊರೊನ್ಹಾ ಗುರುಗಳು 1936ರವರೆಗೆ ಬ್ರಹ್ಮಾವರದ ಬಡವರಿಗೆ ಔಷಧ ಕೊಡುತ್ತ ಬಾಳಿದರು. ಅವರನ್ನು ದೂಷಿಸುವ ಬಾಯಿ ನಮ್ಮದಲ್ಲ. ಆದರೆ ಒಂದೇ ಬಾವಿಯ ನೀರು ಕುಡಿದ ಬಂಧುಗಳು ಎರಡು ಪೀಠಗಳ ಮುಂದೆ ಮೊಣಕಾಲೂರುವಂತಾದದ್ದು ನಮಗೆ ನೋವಿನ ಸಂಗತಿ.

ಇಷ್ಟೆಲ್ಲ ಬರೆದ ಮೇಲೆ ನಮ್ಮದೊಂದು ಮಾತನ್ನೂ ಹೇಳದೆ ಬಿಟ್ಟರೆ ಅಪ್ರಾಮಾಣಿಕತೆಯಾದೀತು. ಗುರುದೀಕ್ಷೆಯಾದ ಕೆಲವೇ ವರ್ಷಗಳಲ್ಲಿ, ಒಂದು ಹಳ್ಳಿಯಲ್ಲಿ ನಾವು ಶಾಲೆಯ ಕಟ್ಟಡವನ್ನು ಅರ್ಧ ಎತ್ತರಕ್ಕೆ ಏರಿಸಿದ್ದಾಗ ವರ್ಗಾವಣೆಯ ಪತ್ರ ಬಂತು. ಹೋದೆವು, ಆದರೆ ವಾಜ್‌ರವರಂತಲ್ಲ. ಪತ್ರ ಬರೆದು ಕಾರಣ ಕೇಳುವ ಧೈರ್ಯವೂ ಇರಲಿಲ್ಲ, ನಗುಮುಖದಿಂದ ಹೊರಡುವ ದೊಡ್ಡತನವೂ ಇರಲಿಲ್ಲ. ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಹೋದೆವು. ಹೊಸ ಸ್ಥಳದ ಜನರು ಒಂದು ವರ್ಷದವರೆಗೆ ನಮ್ಮ ಸಿಡುಕನ್ನು ಸಹಿಸಬೇಕಾಯಿತು. ಆ ಶಾಲೆಯ ಗೋಡೆಗಳು ಬಹಳ ಕಾಲ ಮಳೆಗೆ ನೆನೆಯುತ್ತ ನಿಂತಿದ್ದವು. ವಿಧೇಯರಾದುದರಿಂದ ಎಲ್ಲವೂ ಒಳಿತೇ ಆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಗೆತ್ಸೆಮನೆಯ ತೋಟದಲ್ಲಿ ಪ್ರಭುವೂ ಪಾತ್ರೆಯನ್ನು ದೂರಮಾಡೆಂದು ಮೊದಲು ಬಾಯಿಬಿಟ್ಟು ಕೇಳಿಯೇ ಕೇಳಿದರು. ನಾವು ಮಾತ್ರ ಕೇಳದೆಯೇ ಮುನಿಸಿಕೊಂಡೆವು.

ನಮ್ಮ ಸೀಮೆ 2005ರಿಂದ ಗುಲ್ಬರ್ಗಾ ಧರ್ಮಕ್ಷೇತ್ರಕ್ಕೆ ಸೇರಿದೆ. ಮಥೇವುಸ್‌ರ ಕಾಲದಲ್ಲಿ ಕಾಗದದ ಮೇಲಷ್ಟೇ ಇದ್ದ ಧರ್ಮಾಧ್ಯಕ್ಷರು ಇಂದು ನಮ್ಮ ಮಕ್ಕಳಿಗೆ ದೃಢೀಕರಣ ನೀಡಲು ಹಳ್ಳಿಗಳಿಗೇ ಬರುತ್ತಾರೆ. ಗುರುಗಳು ಈ ದೇಶದವರೇ. ಇಂದು ಎರಡು ಕಾಗದಗಳ ಜಗಳವಿಲ್ಲ. ಇರುವುದು ಚಿಕ್ಕಪುಟ್ಟ ಜಗಳಗಳು: ಹಬ್ಬದ ತೇರು ಯಾವ ಓಣಿಯಿಂದ ಹೊರಡಬೇಕು, ಸ್ಮಶಾನದ ಗೋಡೆಗೆ ಯಾರೆಷ್ಟು ಹಣ ಕೊಡಬೇಕು, ಗುರುಗಳು ಯಾರ ಮನೆಯಲ್ಲಿ ಊಟ ಮಾಡಿದರು.

ಜೋಸೆಫ್ ವಾಜ್‌ರವರನ್ನು 1995ರ ಜನವರಿ 21ರಂದು ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ಕೊಲಂಬೊದಲ್ಲಿ ಧನ್ಯರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್‌ರವರು ಅದೇ ಊರಿನಲ್ಲಿ ಸಂತರೆಂದೂ ಘೋಷಿಸಿದರು. ದಕ್ಷಿಣ ಕನ್ನಡದ ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರವಿದೆ. ನಮ್ಮ ಧರ್ಮಕೇಂದ್ರದಿಂದ ಯಾರಾದರೂ ಮಂಗಳೂರಿನ ಕಡೆಗೆ ಹೋಗುವವರಿದ್ದರೆ ಅಲ್ಲಿಗೂ ಹೋಗಿ ಬನ್ನಿರಿ. ಅವರ ಹಬ್ಬ ಜನವರಿ 16. ಈ ಶತಮಾನೋತ್ಸವ ವರ್ಷದಲ್ಲಿ ಆ ದಿನ ಸಂಜೆ ನಮ್ಮ ದೇವಾಲಯದಲ್ಲಿ ವಿಶೇಷ ಬಲಿಪೂಜೆಯಿರುತ್ತದೆ. ಪೂಜೆಗೆ ಒಂದು ಗಂಟೆ ಮುಂಚಿನಿಂದ ನಾವು ಪಾಪನಿವೇದನೆಯ ಪೀಠದಲ್ಲಿ ಕೂತಿರುತ್ತೇವೆ.